ಅತ್ತೆಯ ನೆನಪೂ ಮಂಪರಿನ ಸೂಜಿಯೂ

ನಾನು ಪರಿಶೀಲಿಸಿದ ದಾಖಲೆಗಳಲ್ಲೆಲ್ಲ ಅತ್ಯಂತ ವಿಶ್ವಾಸಾರ್ಹವಾದದ್ದು ಯಾವ ಪತ್ರಾಗಾರದಲ್ಲೂ ಇರಲಿಲ್ಲ. ಬಾಗೂರಿನ ಒಂದು ಜಗುಲಿಯ ಮೇಲೆ ಎಲೆಅಡಿಕೆ ಜಗಿಯುತ್ತ ಕುಳಿತಿರುತ್ತಿತ್ತು! ಆ ದಾಖಲೆ ನನ್ನ ಸೋದರತ್ತೆ. ಅಕ್ಷರ ಬಾರದು, ಆದರೆ ಊರಿನಲ್ಲಿ ಯಾರು ಯಾವ ವಾರ, ಯಾವ ತಿಥಿಯಲ್ಲಿ ಹುಟ್ಟಿದರೆಂಬುದೆಲ್ಲ ಬಾಯಿಪಾಠ. ಶಾಲೆಯ ಮೇಷ್ಟ್ರು ಇಡೀ ಊರಿನ ಮಕ್ಕಳನ್ನು ಜೂನ್ ಒಂದನೇ ತಾರೀಖೇ ಹುಟ್ಟಿಸಿಬಿಟ್ಟಿದ್ದರಲ್ಲ! ನಿಜವಾದ ದಿನ ಬೇಕಾದವರು, ಹಿರಿಯೂರಿಗೆ ಮದುವೆಯಾಗಿ ಹೋದವರೂ ಸಹ, ಅತ್ತೆಯ ಬಳಿಗೇ ಬರಬೇಕಿತ್ತು.

ಸಂಶೋಧಕನೆಂಬ ಬಿಗುಮಾನದಿಂದ ನಾನು ಅವಳು ಹೇಳಿದ್ದನ್ನೆಲ್ಲ ಹಳೆಯ ಪಂಚಾಂಗಗಳೊಡನೆ ತಾಳೆ ನೋಡಿ ನೋಟ್‌ಬುಕ್ಕಿಗೆ ಏರಿಸುತ್ತಿದ್ದೆ. ತಪ್ಪು ಸಿಕ್ಕಿದ್ದು ಎರಡೇ ಸಲ, ಎರಡೂ ಮುದ್ರಣಾಲಯದ್ದು!

"ಲೇ, ನೀನು ಹುಟ್ಟಿದ್ದು ಜೂನಾಗಲ್ಲ. ಶೇಂಗಾ ಕೀಳೋವಾಗ, ಸೋಮವಾರ. ಸರ್ಕಾರದ ಲೆಕ್ಕದಾಗೆ ಐದು ತಿಂಗ್ಳು ದೊಡ್ಡೋನಾಗೀಯ, ಬುದ್ಧಿ ಮಾತ್ರ ಹಂಗೇ ಐತೆ" ಎನ್ನುತ್ತಿದ್ದಳು.

ಇಂಥವಳ ಪಿತ್ತಕೋಶದ ಆಪರೇಷನ್ ಚಿತ್ರದುರ್ಗದಲ್ಲಾಯಿತು. ಯಾವ ವರ್ಷ? ಡಿಸ್ಚಾರ್ಜ್ ಚೀಟಿಯಲ್ಲಿ ಇಸವಿಯ ಕೊನೆಯ ಅಂಕಿಯ ಮೇಲೆ ಅತ್ತೆಯದೇ ಎಲೆಅಡಿಕೆಯ ಕೆಂಪು ಬಿದ್ದಿದೆ. ತೊಂಬತ್ತರ ದಶಕವೆಂಬುದಷ್ಟೇ ನಿರ್ವಿವಾದ. ನೋವಿಗೆಂದು ಕೊಟ್ಟದ್ದು ಅಫೀಮಿನ ವಂಶಕ್ಕೆ ಸೇರಿದ ಸೂಜಿಮದ್ದು. ನೋವೇನೋ ಹೋಯಿತು, ಜೊತೆಗೆ ಕಾಲಗಣನೆಯೂ ಹೋಯಿತು! ವಾಂತಿ, ಮಂಪರುಗಳ ನಡುವೆ ನನ್ನನ್ನು ದಿಟ್ಟಿಸಿ, "ನೀನು ನಿಮ್ಮಪ್ಪನಿಗಿಂತ ಎರಡು ವರ್ಷಕ್ಕೆ ದೊಡ್ಡೋನು" ಎಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಎರಡು ದಿನಗಳಲ್ಲಿ ಅವಳ ತಲೆ ತಿಳಿಯಾದಾಗ ಆ ಮಾತನ್ನು ನೆನಪಿಸಿ ಮತ್ತೊಮ್ಮೆ ನಕ್ಕೆವು. ಅತ್ತೆ ನಗಲಿಲ್ಲ.

ಸುಮಾರು ಹತ್ತು ವರ್ಷಗಳ ನಂತರ ಅತ್ತೆಗೆ ಹರ್ನಿಯಾ ಕಾಣಿಸಿಕೊಂಡಿತು. ಅರಿವಳಿಕೆಯ ವೈದ್ಯರು ಹೊಳಲ್ಕೆರೆ ಕಡೆಯ ಬಿ.ದುರ್ಗದವರು, ಇನ್ನೂ ಎಳೆಯರು. ಅವರು ನಾಡಿ ಹಿಡಿಯುವ ಮೊದಲೇ ಅತ್ತೆ ಅವರ ಕೈ ಹಿಡಿದಳು.

"ಏನಾರ ಮಾಡ್ರಿ ಡಾಕ್ಟ್ರೇ, ಆ ಅಫೀಮಿನ ಸೂಜಿ ಮಾತ್ರ ಬ್ಯಾಡ್ರಿ."

"ಅಜ್ಜಿ, ಹೋದ್ಸಲ ತಲೆ ಕಲಸಿದ್ದು ಅದೊಂದರಿಂದ್ಲೇ ಅನ್ನಕಾಗಲ್ಲ. ಆಗ್ಲಿ, ಬೆನ್ನಿಗೆ ಸೂಜಿ ಹಾಕಿ ಕೆಳಗೆ ಮರಗಟ್ಟಿಸ್ತೀನಿ, ಅಫೀಮಿನದು ಸೇರ್ಸಲ್ಲ. ಆದ್ರೆ ಅದು ಇಳಿದ ಮೇಲೆ ನೋವು ಜೋರಾಗಿ, ಮಾತ್ರೆಗೆ ಬಗ್ಗದಿದ್ರೆ?"

"ತಡ್ಕಂತೀನಿ ಬಿಡ್ರಿ."

ಆಪರೇಷನ್ ನಡೆಯುವಾಗ ಅಡ್ಡಬಟ್ಟೆಯ ಈಚೆ ಅತ್ತೆಗೆ ಪೂರ್ತಿ ಎಚ್ಚರ. ಎಚ್ಚರವಿದ್ದ ಮೇಲೆ ಸುಮ್ಮನಿದ್ದಾಳೆಯೇ? ತಲೆಯ ಬಳಿ ಕುಳಿತಿದ್ದ ಆ ವೈದ್ಯರನ್ನು ವಿಚಾರಿಸಿಕೊಂಡಳಂತೆ: "ನೀನು ಹುಟ್ಟಿದ್ದು ಯಾವತ್ತಪ್ಪ?"

"ಜೂನ್ ಒಂದು, ಅಜ್ಜಿ."

"ಅಯ್ಯೋ, ನೀನೂ ಮೇಷ್ಟ್ರು ಹೆತ್ತ ಮಗನೇ!"

ನಗು ನಿಲ್ಲುವವರೆಗೆ ಸರ್ಜನ್ನರು ಕೈ ತಡೆದು ನಿಲ್ಲಬೇಕಾಯಿತೆಂದು ಆ ವೈದ್ಯರೇ ನನಗೆ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಮರಗಟ್ಟಿದ್ದು ಇಳಿಯಿತು. ವಾಂತಿಯಿಲ್ಲ, ಮಂಪರಿಲ್ಲ, ಆದರೆ ವೈದ್ಯರು ಹೇಳಿದಂತೆಯೇ ನೋವು ಏರಿತು. ಮಾತ್ರೆ ಸಾಲಲಿಲ್ಲ. ನರ್ಸು ಎರಡು ಸಲ ಆ ಅಫೀಮಿನ ಸೂಜಿಯನ್ನೇ ತಂದರು. ಎರಡು ಸಲವೂ ಅತ್ತೆ ಮಂಚದ ಸರಳು ಹಿಡಿದು ತಲೆಯಾಡಿಸಿದಳು. ತುಟಿ ಬಿಳುಪೇರಿತ್ತು. ನನಗೆ ರೇಗಿತು.

"ಊರಿನವರ ಹುಟ್ಟಿದ ದಿನಕ್ಕಾಗಿ ಇಷ್ಟು ಸಂಕಟ ಯಾಕೆ ಅತ್ತೆ? ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆಯಲ್ಲ!"

"ಎಲ್ಲ ಇಲ್ಲ."

ಸರಳು ಬಿಡದೆಯೇ ನನ್ನ ಕಡೆಗೆ ಮುಖ ಹೊರಳಿಸಿದಳು.

"ನಂಗೊಂದು ಹೆಣ್ಣು ಕೂಸು ಹುಟ್ಟಿತ್ತು ಕಣಲೇ, ನೀನು ಹುಟ್ಟಾಕೆ ಮುಂಚೆ. ಒಂಬತ್ತು ದಿನ ಇತ್ತು. ಯಾವ ಮೇಷ್ಟ್ರೂ ಬರೀಲಿಲ್ಲ, ಯಾವ ಸರ್ಕಾರನೂ ಬರೀಲಿಲ್ಲ. ಅದನ್ನ ಕಂಡೋರು ಈಗ ಯಾರೂ ಇಲ್ಲ. ಹೋದ್ಸಲ ಆ ಸೂಜಿ ಹಾಕಿದಾಗ ಎರಡು ದಿನ ಅದು ಹುಟ್ಟಿದ ವಾರ ನೆಪ್ಪಿಗೇ ಬರ್ಲಿಲ್ಲ. ನಾನೂ ಮರೆತ್ರೆ ಅದು ಹುಟ್ಟೇ ಇರ್ಲಿಲ್ಲ ಅಂತಾಗ್ತತಲ್ಲ?"

ನಾನು ನೋಟ್‌ಬುಕ್ ತೆಗೆದೆ. ಮಾಸ ಹೇಳಿದಳು, ತಿಥಿ ಹೇಳಿದಳು, ಬರೆದುಕೊಂಡೆ. ಹೆಸರು ಕೇಳಿದೆ.

"ತೊಟ್ಲಿಗೆ ಹಾಕೋ ದಿನ ಬರ್ಲೇ ಇಲ್ಲ. ಹೆಸರಿನ ಜಾಗ ಬಿಡು. ಶುಕ್ರವಾರ ಅಂತ ಬರ್ಕ."

ಬರೆದೆ.

"ಓದು."

ಓದಿದೆ. ಅತ್ತೆ ಸರಳಿನಿಂದ ಕೈ ಬಿಟ್ಟಳು.

"ಹ್ಞೂಂ. ಈಗ ಆ ನರ್ಸಮ್ಮನ್ನ ಕರಿ, ಸೂಜಿ ಹಾಕ್ಲಿ."