ಕೆಳಗಿನ ಬಾಲ್ಕನಿಯ ಹೊಗೆ ಮತ್ತು ನಮ್ಮ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಸಿಗರೇಟಿನ ವಾಸನೆ ಅದನ್ನು ಹಚ್ಚುವ ಮೊದಲೇ ಬರುತ್ತದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಎದುರಿನವನ ಕೈ ಜೇಬಿನ ಕಡೆ ಹೋಗುವಾಗಲೇ ಇವರ ಮೂಗು ಅರಳಿರುತ್ತದೆ. ಆತ ಜೇಬಿನಿಂದ ಬರೀ ಫೋನ್ ತೆಗೆದನೋ, ಚಿಕ್ಕಪ್ಪನಿಗೆ ನಿರಾಸೆ!

ಸ್ವೀಡನ್ನಿನ ಕಿಸ್ಟಾ ಎಂಬಲ್ಲಿನ ಒಂದು ಕಂಪನಿಯಲ್ಲಿ ಅವರು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ, ಅದಕ್ಕೊಂದು ನಂಬರ್ ಕೊಟ್ಟು, ಸರಿಯಾಗುವವರೆಗೆ ಬೆನ್ನು ಬಿಡದಿರುವುದು ಅವರ ಕೆಲಸ. ಸಂಜೆ ಐದಕ್ಕೆ ಆಫೀಸೇನೋ ಮುಚ್ಚುತ್ತದೆ, ಚಿಕ್ಕಪ್ಪ ಮುಚ್ಚುವುದಿಲ್ಲ. ಓದಲು ಬಂದ ನಾನು ಎರಡು ವರ್ಷ ಅವರ ಮನೆಯಲ್ಲಿದ್ದೆ. ಇದನ್ನು ಬರೆಯಲು ಅಷ್ಟು ಅರ್ಹತೆ ಸಾಕೆಂದುಕೊಂಡಿದ್ದೇನೆ.

ಸ್ವೀಡನ್ನಿನಲ್ಲಿ ಹೋಟೆಲಿನ ಒಳಗೆ ಸೇದಬಾರದೆಂಬುದು ಹಳೆಯ ಮಾತು. ಕೆಲವು ವರ್ಷಗಳಿಂದ ಹೊರಗೆ ಹಾಕಿದ ಟೇಬಲ್ಲುಗಳಲ್ಲಿ, ಬಸ್ ಸ್ಟಾಪಿನಲ್ಲಿ, ಮಕ್ಕಳು ಆಡುವ ಜಾಗದಲ್ಲೂ ಸೇದುವಂತಿಲ್ಲ. ಆದರೂ ಯಾರಾದರೂ ಸೇದಿದರೆ ಇಲ್ಲಿಯ ಜನ ಏನೂ ಹೇಳುವುದಿಲ್ಲ. ಒಮ್ಮೆ ಬೋರ್ಡು ನೋಡಿ, ನಾಲ್ಕು ಹೆಜ್ಜೆ ಆಚೆ ಹೋಗಿ ನಿಲ್ಲುತ್ತಾರೆ. ನನಗೂ ಅದೇ ಇಷ್ಟ.

ಚಿಕ್ಕಪ್ಪ ಆ ಪೈಕಿ ಅಲ್ಲ. ಒಂದು ಜನವರಿ ಬೆಳಗ್ಗೆ ಬಸ್ ಸ್ಟಾಪಿನ ಗಾಜಿನ ಮರೆಯಲ್ಲಿ ಒಬ್ಬಾತ ಸಿಗರೇಟು ಹಚ್ಚಿದ. ಚಿಕ್ಕಪ್ಪ ಆ ಚಳಿಯಲ್ಲಿ ಗ್ಲೌಸ್ ಬಿಚ್ಚಿ, ಬೆರಳನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಮೇಲೆತ್ತಿ ಹಿಡಿದರು. ನಾನು ಅವರ ಪರಿಚಯವೇ ಇಲ್ಲದವಳಂತೆ ಬಸ್ಸಿನ ವೇಳಾಪಟ್ಟಿ ಓದತೊಡಗಿದೆ. ಭಾನುವಾರದ ಸಮಯಗಳು ನನಗೆ ಇವತ್ತಿಗೂ ಬಾಯಿಪಾಠ!

"ಗಾಳಿ ನಿಮ್ಮ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿದೆ" ಎಂದು ಚಿಕ್ಕಪ್ಪ ಸ್ವೀಡಿಷ್‌ನಲ್ಲಿ ವರದಿ ಒಪ್ಪಿಸಿದರು. ಆತ ಗಾಬರಿಯಿಂದ ಕ್ಷಮೆ ಕೇಳಿ ಸಿಗರೇಟು ಆರಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಇವರು ಕೋಟಿನ ಜೇಬಿನಿಂದ ಎರಡು ಏಲಕ್ಕಿ ತೆಗೆದು ಆತನ ಅಂಗೈಯಲ್ಲಿಟ್ಟರು.

ಆತ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಬನ್ನಿಗೆ ಹಾಕುವುದಲ್ಲವೇ?" ಇಲ್ಲಿಯವರಿಗೆ ಏಲಕ್ಕಿ ಗೊತ್ತಿರುವುದು ಸಿಹಿ ಬನ್ನಿನಲ್ಲಿ ಮಾತ್ರ.

"ಏಲಕ್ಕಿ ಯಾಕೆ ಚಿಕ್ಕಪ್ಪ?" ಎಂದು ಬಸ್ಸಿನಲ್ಲಿ ಕೇಳಿದೆ.

"ಪಾಪ ಕಣೇ. ಬಾಯಿಗೆ ಏನಾದ್ರೂ ಬೇಕಲ್ಲ."

ಅವರ ನಿಜವಾದ ಯುದ್ಧ ಇದ್ದದ್ದು ಮನೆಯಲ್ಲಿ. ನಾವು ಮೂರನೇ ಮಹಡಿ. ನಮ್ಮ ಕೆಳಗೆ, ಎರಡನೆಯದರಲ್ಲಿ, ಒಬ್ಬ ಅಜ್ಜಿ ಒಂಟಿಯಾಗಿದ್ದರು. ಚಳಿಯಿರಲಿ ಬಿಸಿಲಿರಲಿ, ಸಂಜೆ ಆರೂವರೆಗೆ ಕಂಬಳಿ ಹೊದ್ದು ಬಾಲ್ಕನಿಯಲ್ಲಿ ಕೂತು ಒಂದು ಸಿಗರೇಟು ಸೇದುತ್ತಿದ್ದರು. ಹೊಗೆ ನೆಟ್ಟಗೆ ಮೇಲೆದ್ದು ನಮ್ಮ ಕಿಟಕಿಯೊಳಗೆ. ಚಿಕ್ಕಮ್ಮನಿಗೆ ಆಸ್ತಮಾ. ಅವರು ಕೆಮ್ಮಲು ಶುರುಮಾಡಿದರೆ ಚಿಕ್ಕಪ್ಪ ಇನ್‌ಹೇಲರ್ ಹುಡುಕಿಕೊಂಡು ಮನೆಯಿಡೀ ಓಡಾಡುತ್ತಿದ್ದರು. ಬಾಲ್ಕನಿಯೆಂದರೆ ಸ್ವಂತ ಮನೆ. ಬಸ್ ಸ್ಟಾಪಿನ ಕಾನೂನು ಅಲ್ಲಿ ನಡೆಯುವುದಿಲ್ಲ.

"ನೀನು ಸ್ಟ್ಯಾಟಿಸ್ಟಿಕ್ಸ್ ಓದ್ತೀಯಲ್ಲ, ಹೇಳು. ಬಾಲ್ಕನಿಯಿಂದ ಬರೋ ಹೊಗೆ ಎಷ್ಟು ಡೇಂಜರ್?"

"ಮುಚ್ಚಿದ ರೂಮಲ್ಲಿ ಪಕ್ಕದವರ ಹೊಗೆ ಕೆಟ್ಟದ್ದು ಅನ್ನೋದ್ರಲ್ಲಿ ಡೌಟೇ ಇಲ್ಲ ಚಿಕ್ಕಪ್ಪ. ಬಯಲಲ್ಲಿ ಆದ್ರೆ ದೂರ, ಗಾಳಿ ಎಲ್ಲಾ ನೋಡ್ಬೇಕು. ಚಿಕ್ಕಮ್ಮನಿಗಂತೂ ಸ್ವಲ್ಪ ಬಂದ್ರೂ ಕಷ್ಟಾನೇ."

"ಅಂದ್ರೆ ಡೇಟಾ ಬೇಕು!"

ಅವತ್ತೇ ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್ ಹುಟ್ಟಿತು. ದಿನಾಂಕ, ಸಮಯ, ಗಾಳಿಯ ದಿಕ್ಕು, ಚಿಕ್ಕಮ್ಮನ ಕೆಮ್ಮು ಎಷ್ಟು ಸಲ. ಹೊಗೆ ಬಂದ ದಿನದ ಸಾಲು ಕೆಂಪು, ಬಾರದ ದಿನ ಹಸಿರು. ನಾನು ಕೇಳದಿದ್ದರೂ ನನಗೂ ಅದನ್ನು ಶೇರ್ ಮಾಡಿದರು. ತಿಂಗಳುಗಟ್ಟಲೆ ಅದು ಮೇಲಿಂದ ಕೆಳಗೆ ಕೆಂಪಗೇ ಇತ್ತು.

ಇಲ್ಲಿ ನೆರೆಯವರ ಬೆಲ್ ಒತ್ತುವ ಪದ್ಧತಿಯಿಲ್ಲ. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಬಾಗಿಲಿಗೆ ಕಿವಿಯಿಟ್ಟು ಖಚಿತಪಡಿಸಿಕೊಂಡೇ ಹೊರಗೆ ಬರುತ್ತಾರೆ. (ನಾನೂ ಹಾಗೇ ಮಾಡುತ್ತಿದ್ದೆ, ಸಂತೋಷದಿಂದ.) ದೂರಿದ್ದರೆ ಬಾಗಿಲಿಗೆ ಚೀಟಿ ಅಂಟಿಸಬೇಕು. ಚಿಕ್ಕಪ್ಪ ಆಫೀಸಿನ ಶೈಲಿಯಲ್ಲೇ ಅಂಟಿಸಿದರು: "ದೋಷ: ಹೊಗೆ. ದೋಷವನ್ನು ಕಾಣುವ ವಿಧಾನ: ಒಂದು, ಮೂರನೇ ಮಹಡಿಯ ಕಿಟಕಿ ತೆರೆಯಿರಿ. ಎರಡು, ಉಸಿರಾಡಿ."

ಮರುದಿನ ನಮ್ಮ ಬಾಗಿಲಲ್ಲಿ ಮುತ್ತಿನಂಥ ಅಕ್ಷರದ ಉತ್ತರ: "ಒಂದನೆಯದನ್ನು ಕೈಬಿಟ್ಟರೆ ಹೇಗೆ? ಅಂದಹಾಗೆ, ಭಾನುವಾರ ನಿಮ್ಮ ಅಡುಗೆಮನೆಯಿಂದ ಮೆಟ್ಟಿಲಿಳಿದು ಬರುವ ಮೆಣಸಿನಕಾಯಿ ಹೊಗೆಗೆ ನಾನೂ ಕೆಮ್ಮುತ್ತೇನೆ. ಅದಕ್ಕೆ ನಿಷೇಧವಿದೆಯೇ? ಸ್ನೇಹದ ವಂದನೆಗಳು."

ಭಾನುವಾರದ ಅಡುಗೆ ಚಿಕ್ಕಪ್ಪನದು. ಅವರು ಕೆಂಡವಾದರು. "ಒಗ್ಗರಣೇನ ಸಿಗರೇಟಿಗೆ ಕಂಪೇರ್ ಮಾಡ್ತಾರಲ್ಲ!"

"ಮಾಡ್ಲಿ ಬಿಡ್ರೀ," ಎಂದರು ಚಿಕ್ಕಮ್ಮ. "ನೀವು ಒಗ್ಗರಣೆಗೆ ಆ ಪಾಟಿ ಮೆಣಸಿನಕಾಯಿ ಸುರಿದ್ರೆ ನಂಗೂ ಕೆಮ್ಮು ಬರುತ್ತೆ. ಅದು ನಿಮ್ಮ ಶೀಟಲ್ಲಿ ಇದ್ಯಾ?"

ಇರಲಿಲ್ಲ! ಭಾನುವಾರದ ಕೆಮ್ಮನ್ನೆಲ್ಲ ಪಾಪದ ಅಜ್ಜಿಯ ತಲೆಗೇ ಕಟ್ಟಲಾಗಿತ್ತು.

ಚೀಟಿಗಳು ಚಳಿಗಾಲವಿಡೀ ಹತ್ತಿ ಇಳಿದವು. ಕೊನೆಗೆ ಚಿಕ್ಕಪ್ಪ, ಬಾಲ್ಕನಿಗಳಲ್ಲಿ ಸಿಗರೇಟು ನಿಷೇಧಿಸಬೇಕೆಂದು ಕಟ್ಟಡದ ನಿವಾಸಿಗಳ ಸಂಘಕ್ಕೆ ಬರೆದುಕೊಟ್ಟರು. ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಮತಕ್ಕೆ ಹಾಕುವುದೆಂದಾಯಿತು. ಅದು ಪಾಸಾದರೆ ಚಿಕ್ಕಮ್ಮ ಕಿಟಕಿ ತೆರೆದು ಮಲಗಬಹುದು. ಪಾಸಾದರೆ, ಮೊಣಕಾಲು ಬಗ್ಗದ ಅಜ್ಜಿ ಲಿಫ್ಟಿಲ್ಲದ ಎರಡು ಮಹಡಿ ಇಳಿದು, ದಿನಕ್ಕೊಂದು ಸಿಗರೇಟಿಗಾಗಿ ರಸ್ತೆ ಬದಿಯಲ್ಲಿ ನಿಲ್ಲಬೇಕು. ಒಂದು ದಿನ ಅವರು ಗೋಡೆ ಹಿಡಿದು ನಿಂತು, ಮೆಟ್ಟಿಲ ಬಳಿ ಅಂಟಿಸಿದ್ದ ಆ ಸಭೆಯ ನೋಟಿಸ್ ಓದುತ್ತಿದ್ದುದನ್ನು ಕಂಡೆ. ನಾನು ಬಾಗಿಲು ಸದ್ದಾಗದಂತೆ ಮುಚ್ಚಿಕೊಂಡೆ.

ಸಭೆಗೆ ಒಂದು ವಾರವಿದ್ದಾಗ ಶೀಟಿನಲ್ಲಿ ಹಸಿರು ಸಾಲು ಬಂತು.

"ನೋಡಿದ್ಯಾ! ನೋಟಿಸ್ ಓದಿ ಬಿಟ್ಟಿದ್ದಾರೆ!" ಚಿಕ್ಕಪ್ಪ ಕೇಸರಿಬಾತ್ ಮಾಡಿದರು. ಎರಡನೇ ದಿನವೂ ಹಸಿರು, ಕೇಸರಿಬಾತ್ ಮಿಕ್ಕಿತು. ಮೂರನೇ ದಿನ ಆರೂವರೆಗೆ ಬಾಲ್ಕನಿಯಲ್ಲಿ ನಿಂತು ಬೆರಳು ಒದ್ದೆ ಮಾಡಿ ಎತ್ತಿದರು. "ಗಾಳಿ ದಿಕ್ಕು ಚೇಂಜ್ ಆಗಿರ್ಬೇಕು." ಆಗಿರಲಿಲ್ಲ. ಕೆಳಗೆ ಬಗ್ಗಿ ನೋಡಿದರು. ಬರೀ ಖಾಲಿ ಕುರ್ಚಿ.

ನಾಲ್ಕನೇ ದಿನ ಆರು ನಲವತ್ತಕ್ಕೆ ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರೀ?"

"ಕೆಳಗೆ. ಬೆಲ್ ಮಾಡ್ತೀನಿ."

ಬೆಲ್! ಎರಡು ವರ್ಷದಲ್ಲಿ ಆ ಕಟ್ಟಡದಲ್ಲಿ ನೆರೆಯವರು ನೆರೆಯವರ ಬೆಲ್ ಒತ್ತಿದ್ದನ್ನು ನಾನು ಕೇಳಿರಲಿಲ್ಲ. ಕ್ಷಮೆ ಕೇಳಲು ಒಬ್ಬರು ಬೇಕಾಗಬಹುದೆಂದು ಹಿಂದೆಯೇ ಇಳಿದೆ. ಚಿಕ್ಕಪ್ಪ ಮೂರು ಸಲ ಒತ್ತಿದರು. ಬಹಳ ಹೊತ್ತಿನ ಮೇಲೆ ಬಾಗಿಲು ಸರಪಳಿಯಷ್ಟು ತೆರೆಯಿತು. ಶಾಲು ಹೊದ್ದ ಅಜ್ಜಿಯ ಮುಖ ಬಿಳಿಚಿಕೊಂಡಿತ್ತು.

"ಮತ್ತೆ ದೂರೇ?"

"ಹೌದು," ಎಂದರು ಚಿಕ್ಕಪ್ಪ. "ನಾಲ್ಕು ದಿನದಿಂದ ಹೊಗೆ ಬರುತ್ತಿಲ್ಲ."

ಅಜ್ಜಿ ಒಂದು ಗಳಿಗೆ ದಿಟ್ಟಿಸಿದರು. ನಕ್ಕರು. ನಗು ಕೆಮ್ಮಾಯಿತು. ಆಮೇಲೆ ಸರಪಳಿ ತೆಗೆದರು. ಜ್ವರದಿಂದ ಹಾಸಿಗೆ ಹಿಡಿದಿದ್ದರು. ಎರಡು ದಿನದಿಂದ ಹೊಟ್ಟೆಗೆ ಏನೂ ಇಲ್ಲ. ಚಿಕ್ಕಪ್ಪ ಆಸ್ಪತ್ರೆಗೆ ಫೋನ್ ಹಚ್ಚಿದರು. ಚಿಕ್ಕಮ್ಮ ಮೆಣಸಿನ ಸಾರು ಕಳಿಸಿದರು, ಒಗ್ಗರಣೆ ಹಾಕಿಯೇ. ಅಜ್ಜಿ ದೂರು ಹೇಳದೆ ಎರಡು ಲೋಟ ಕುಡಿದರು.

ನಿಷೇಧದ ವಿಷಯ ತೀರ್ಮಾನಿಸಿದವರು ಚಿಕ್ಕಮ್ಮ. "ಉಸಿರು ನನ್ದು ರೀ. ನಾನ್ ಹೇಳ್ದಂಗೆ ಮಾಡಿ." ಚಿಕ್ಕಪ್ಪ ಅರ್ಜಿ ವಾಪಸು ಪಡೆದರು. ದೇವರ ಮುಂದಿನ ಪುಟ್ಟ ಗಂಟೆ ನಮ್ಮ ಬಾಲ್ಕನಿಗೆ ಬಂತು. ಅದಕ್ಕೊಂದು ದಾರ ಕಟ್ಟಿ ಕೆಳಗೆ ಇಳಿಬಿಟ್ಟದ್ದಾಯಿತು. ಸೇದುವ ಮೊದಲು ಅಜ್ಜಿ ದಾರ ಎಳೆಯಬೇಕು. ಗಂಟೆ ಕೇಳಿದ ಕೂಡಲೇ ಚಿಕ್ಕಪ್ಪ ಕಿಟಕಿ ಮುಚ್ಚಬೇಕು. ಭಾನುವಾರ ಒಗ್ಗರಣೆಗೆ ಮೊದಲು ಚಿಕ್ಕಪ್ಪ ಅಜ್ಜಿಗೆ ಫೋನ್ ಮಾಡಬೇಕು.

ನಾನೀಗ ದೂರದ ಉತ್ತರದ ಊರು ಉಮೆಯೊದಲ್ಲಿದ್ದೇನೆ. ಶೀಟ್ ಇನ್ನೂ ನನ್ನ ಬಳಿ ಇದೆ. ಮೊನ್ನೆ ಸುಮ್ಮನೆ ತೆರೆದೆ. ಬಣ್ಣಗಳಲ್ಲಿ ಏನೋ ತಪ್ಪಾಗಿದೆ ಅನ್ನಿಸಿತು. ಮೇಲಿಂದ ಕೆಳಗೆ ಎಲ್ಲ ಹಸಿರು. ಮೇ ತಿಂಗಳಲ್ಲಿ ಮಾತ್ರ ಒಟ್ಟಿಗೆ ನಾಲ್ಕು ಸಾಲು ಕೆಂಪು. ಟೆಸ್ಟರ್ ಕಣ್ಣಿಗೆ ಬೀಳದ ತಪ್ಪೇ ಎಂದು ಮತ್ತೊಮ್ಮೆ ನೋಡಿದೆ. ತಪ್ಪಾಗಿರಲಿಲ್ಲ. ಹಳೆಯ ಸಾಲುಗಳನ್ನೂ ಬಿಡದೆ, ಕೂತು ಎಲ್ಲವನ್ನೂ ಅದಲು ಬದಲು ಮಾಡಿದ್ದರು.

ಕೊನೆಯ ಸಾಲು ಹಿಂದಿನ ಸಂಜೆಯದು. ಕೆಮ್ಮು: ಸೊನ್ನೆ. ಗಾಳಿ: ಪಶ್ಚಿಮದಿಂದ. ಹೊಗೆ: ಆರು ಮೂವತ್ತೆರಡಕ್ಕೆ ಬಂತು. ಹಸಿರು.