ಭಗವಂತರಾಯನ ಮೊಣಕಾಲು

ಭಗವಂತರಾಯನ ಮೊಣಕಾಲು ಹರಿದದ್ದಕ್ಕೆ ಸಾಬಣ್ಣನ ಹೊಟ್ಟೆ ಉರಿಯಿತು.

ಇಬ್ಬರೂ ಯಾದಗಿರಿಯ ಸರ್ಕಾರಿ ಕಚೇರಿಯೊಂದರ ಜವಾನರು. ಪೊಲೀಸರ ಜತೆ ಹುತೂತು ಕಬಡ್ಡಿ ಆಡಲು ಹೋಗಿ ಭಗವಂತರಾಯ ಮೊಣಕಾಲಿನ ಒಳಗಿನ ಕಟ್ಟುನರ ಹರಿದುಕೊಂಡಿದ್ದ. ಹೈದರಾಬಾದಿನ ಡಾಕ್ಟರು ಅವನ ತೊಡೆಯಿಂದಲೇ ಒಂದು ನರ ಎಳೆದು, ಹೊರಸು ಮಂಚಕ್ಕೆ ಹಗ್ಗ ಬಿಗಿದಂತೆ ಮೊಣಕಾಲೊಳಗೆ ಬಿಗಿದು ಕಳಿಸಿದರು. ಬಂದವನಿಗೆ ಸಾಹೇಬರು ಬಾಗಿಲ ಬದಿಯ ಕುರ್ಚಿ ಕೊಟ್ಟರು. ನಿಜಾಮರ ರಾಜ್ಯ ವಿಲೀನವಾಗಿ ಕಚೇರಿಯ ಮುದ್ರೆ ಬದಲಾಗಿತ್ತು, ಬೋರ್ಡು ಬದಲಾಗಿತ್ತು. ಆದರೆ ಜವಾನನಿಗೆ ಕುರ್ಚಿ ಎಂಬುದು ಯಾವ ಸರ್ಕಾರದಲ್ಲೂ ಇರಲಿಲ್ಲ.

ಸಾಬಣ್ಣ ಮಾತ್ರ ಟಪಾಲು ಹೊತ್ತು ಕೊಂಕಲ್ ಹಳ್ಳಿಯವರೆಗೆ ಕಚೇರಿಯ ಸೈಕಲ್ ತುಳಿಯುತ್ತಿದ್ದ. ತಿರುಗಿ ಬಂದರೆ ಕುರ್ಚಿಯಿಂದ ಪ್ರಶ್ನೆ: "ಬಿಸಲು ಭಾಳ ಅದೇನೋ ಸಾಬಣ್ಣ?"

ಒಂದು ಸೋಮವಾರ ಸಾಬಣ್ಣನೂ ಕುಂಟುತ್ತ ಬಂದ. ಭಗವಂತರಾಯನ ನಡಿಗೆಯ ನಕಲು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅವನ ಕೆಮ್ಮೂ ಜತೆಗೆ ಬಂದಿತ್ತು.

"ಏನಾತೋ?" ಎಂದ ಗುಮಾಸ್ತ ನಸೀರುದ್ದೀನ.

"ಸೈಕಲ್ ಮ್ಯಾಲಿಂದ ಬಿದ್ದೆ ರೀ. ಒಳಗ ಚಟ್ ಅಂತು. ಭಗವಂತಗ ಆದಂಗೇ ಆಗ್ಯಾದ."

ಕಸ ಗುಡಿಸುವ ದಾವಲಬೀ ಓಡಿಬಂದು ಬೇವಿನೆಣ್ಣೆ ಸುರಿದಳು. ಇನ್ನೊಬ್ಬ ಜವಾನ ಅಮರಪ್ಪ, "ನಮ್ಮಪ್ಪ ಎತ್ತಿನ ಕಾಲು ಕೂಡಸ್ತಿದ್ದ, ಸರೀರಿ," ಎಂದು ಬಾವಿಯಿಂದ ಕೊಡ ಸೇದುವವನಂತೆ ಕಾಲು ಜಗ್ಗಿದ. ಸಾಬಣ್ಣ ಕಿರುಚಿದ. ಅಂದಿನ ಮೊದಲ ಪ್ರಾಮಾಣಿಕ ಕಿರುಚಾಟ ಅದು.

ಕುರ್ಚಿಗೆ ಪಾಲುದಾರ ಹುಟ್ಟಿದ್ದು ಕಂಡು ಭಗವಂತರಾಯನಿಗೆ ಉರಿಯಿತು. "ಅಲ್ಲಲೇ, ಮುಂಜಾನಿ ಎಡಗಾಲು ಎಳಿತಿದ್ದಿ, ಈಗ ಬಲಗಾಲು ಎಳಿಯಾಕತ್ತೀ?"

ಸಾಬಣ್ಣ ಎರಡೂ ಕಾಲು ನೋಡಿಕೊಂಡ. "ಅ... ಎರಡೂ ಹೋಗ್ಯಾವೋ ಮಾರಾಯ."

ಗದ್ದಲ ಕೇಳಿ ಸಾಹೇಬರು ಒಳಗೆ ಕರೆಸಿದರು.

"ಖರೇನ ಹರದಾವೇನೋ?"

"ತಾಯಾಣೆ ರೀ ಸಾಹೇಬ್ರ! ಇನ್ನ ಸೈಕಲ್ ತುಳಿಯಾಕ ಆಗಂಗಿಲ್ರಿ. ಕುಂತು ಮಾಡೋ ಕೆಲಸ ಏನರ..."

ಸಾಹೇಬರು ನಿಟ್ಟುಸಿರಿಟ್ಟು ಖಾನೆಯಿಂದ ಒಂದು ಕಾಗದ ತೆಗೆದರು.

"ಶನಿವಾರ ಡಾಕ್ಟರ್ ಚಿಟ್ಟಿ ಬಂತು. ಭಗವಂತರಾಯ ಹಗಲೆಲ್ಲ ಕುರ್ಚಿಗಿ ಕುಂತ್ರ ಮೊಣಕಾಲು ಬಿಗೀತದಂತ, ದಿನಾ ಸೈಕಲ್ ತುಳೀಬೇಕಂತ. ಅದಕ್ಕ ನಾಳಿಂದ ಸೈಕಲ್ ಅವಗ, ಕುರ್ಚಿ ನಿನಗ ಅಂತ ಹುಕುಂ ಬರದಿದ್ದೆ." ಅವರು ಕಾಗದವನ್ನು ಪರ್ರನೆ ಹರಿದರು. "ಪಾಪ, ನಿನ್ನ ಮೊಣಕಾಲಿಗೂ ಕುರ್ಚಿ ವಿಷಾನೇ. ಅಮರಪ್ಪ ಕುಂದರ್ಲಿ. ನೀ ನಾಲ್ಕರ ಗಾಡಿಗಿ ಹೈದರಾಬಾದಿಗಿ ನಡಿ, ಆಪರೇಶನ್‌ಗೆ."

"ಸಾಹೇಬ್ರ, ಈಗ... ಸ್ವಲ್ಪ ಕಡಿಮಿ ಆಗಾಕತ್ತದ್ರಿ."

"ತಾಯಾಣೆ ಅಂದಿಯಲ್ಲ?"

ಸಾಬಣ್ಣ ಮತ್ತೆ ಎರಡೂ ಮೊಣಕಾಲು ಹಿಡಿದುಕೊಂಡ.

ನಾಲ್ವರು ಅವನನ್ನು ಹೊರಸಿನ ಮೇಲೆ ಹೊತ್ತು ಸ್ಟೇಶನ್ನಿಗೆ ಹೊರಟರು. ದಾವಲಬೀ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ನಸೀರುದ್ದೀನ, ಸಾಹೇಬರು ಡಾಕ್ಟರಿಗೆ ಬರೆದ ಪತ್ರವನ್ನು ಗಟ್ಟಿಯಾಗಿ ಓದುತ್ತ ನಡೆದ: "ಎರಡೂ ಮೊಣಕಾಲು, ಎರಡೂ ತೊಡೆ..."

ಸೈಕಲ್ ತಳ್ಳುತ್ತ ಹಿಂದೆ ಬರುತ್ತಿದ್ದ ಭಗವಂತರಾಯನ ಮುಖ ಸಣ್ಣದಾಯಿತು.

"ನನಗ ಒಂದೇ ಮಾಡಿದ್ರು," ಎಂದು ಅವನು ಗೊಣಗಿದ. "ಈ ಮಗಗ ಎರಡು!"