ಖಾಲಿ ಕಾರು ನಿಲ್ಲಿಸಕೂಡದು

ಹನ್ನೊಂದು ತಿಂಗಳ ಸತತ ಅಧ್ಯಯನದ ನಂತರ ನಗರದ ವಾಹನ ರಕ್ಷಣಾ ಇಲಾಖೆ ಒಂದು ಸತ್ಯವನ್ನು ಕಂಡುಹಿಡಿಯಿತು: ಈವರೆಗೆ ಕಳುವಾದ ಕಾರುಗಳೆಲ್ಲ ಕಳ್ಳ ಬಂದ ಹೊತ್ತಿಗೆ ಖಾಲಿಯಾಗಿದ್ದವು. ಗಾಜು ಒಡೆಸಿಕೊಂಡ ಕಾರುಗಳದ್ದೂ ಅದೇ ಕತೆ. ಆದ್ದರಿಂದ ಮಂಗಳವಾರದಿಂದ ಯಾವ ಬೀದಿಯಲ್ಲೂ ಖಾಲಿ ಕಾರು ನಿಲ್ಲಿಸಕೂಡದು ಎಂದು ಪ್ರಕಟಣೆ ಹೊರಟಿತು. ಬೀಗ, ಸೈರನ್ನು, ಸ್ಟೀರಿಂಗಿಗೆ ಹಾಕುವ ಕಬ್ಬಿಣದ ಸರಳು ಇವಕ್ಕೆ ಇಲಾಖೆಯ ಅಭ್ಯಂತರವಿಲ್ಲ, ಆದರೆ ಇವು ಯಾವುದನ್ನೂ ಮನುಷ್ಯ ಎಂದು ಪರಿಗಣಿಸಲಾಗುವುದಿಲ್ಲ ಎಂದು ಕೊನೆಯಲ್ಲಿ ಸ್ಪಷ್ಟಪಡಿಸಲಾಗಿತ್ತು.

ಗಡಿಯಾರ ರಿಪೇರಿಯವರು ಪ್ರಕಟಣೆಯನ್ನು ಎರಡು ಸಲ ಓದಿದರು. ಅವರು ಕಾರು ಕೊಂಡು ಮೂರು ವಾರವಾಗಿತ್ತು. ಯಾರೋ ಓಡಿಸಿ ಬಿಟ್ಟ ಕಾರು, ಕೊಂಡದ್ದು ಮಾತ್ರ ಹೆಂಡತಿಗಾಗಿ. ಆಕೆಯ ಅಕ್ಕ ಇರುವುದು ಊರಿನ ಆ ತುದಿಯಲ್ಲಿ. ಎರಡು ಬಸ್ಸು ಹತ್ತಿ ಇಳಿಯಬೇಕು, ಆಕೆಗೋ ಮಂಡಿನೋವು. ಬಸ್ಸಿನ ಮೆಟ್ಟಿಲಿಗೆ ಹೆದರಿ ಅಕ್ಕನ ಮುಖ ನೋಡದೆ ಎರಡು ವರ್ಷ ಕಳೆದಿದ್ದವು. ಡ್ರೈವಿಂಗ್ ಕಲಿಯುವುದರಲ್ಲೇ ಮೂರು ವಾರ ಹೋಗಿತ್ತು, ಈ ಭಾನುವಾರ ಕರೆದುಕೊಂಡು ಹೋಗಿಯೇ ಹೋಗುತ್ತೇನೆಂದು ಅವರು ಮಾತು ಕೊಟ್ಟಾಗಿತ್ತು.

ಭಾನುವಾರದ ತನಕ ಹೇಗೋ ನಿಭಾಯಿಸಿದರಾಯಿತೆಂದು ಬುಧವಾರ ತಾವೇ ಕಾರಿನಲ್ಲಿ ಕೂತರು. ಸುಮ್ಮನೆ ಕೂರುವುದೇಕೆಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿ, ಸ್ಟೀರಿಂಗಿನ ಮೇಲೆ ಹಲಗೆ ಇಟ್ಟು ಕೆಲಸ ಶುರುಮಾಡಿದರು. ಗಿರಾಕಿಗಳು ಕಿಟಕಿಗೇ ಬಂದರು. ಇನ್ಸ್‌ಪೆಕ್ಟರೂ ಬಂದರು. ಕೂತವನ ಗಮನ ಕಾರಿನ ಮೇಲಿರಬೇಕು, ಬೇರೆ ಕೆಲಸ ಮಾಡುತ್ತ ಕೂತವನನ್ನು ಇಲಾಖೆ ಅರ್ಧ ಮನುಷ್ಯನೆಂದೇ ಲೆಕ್ಕ ಹಿಡಿಯುತ್ತದೆ, ಇನ್ನರ್ಧ ಎಲ್ಲಿ ಎಂದು ಕೇಳಿದರು.

ಗುರುವಾರ ಭಾವಮೈದ ಬಂದು ಕೂತ. ಅವನಿಗೆ ಬೇರೆ ಕೆಲಸವೇ ಇರಲಿಲ್ಲವಾದ್ದರಿಂದ ಆ ತಕರಾರು ಏಳಲಿಲ್ಲ. ಆದರೆ ಊಟ ಮುಗಿಸಿ ಬಂದವನು ಸೀಟು ಹಿಂದಕ್ಕೆ ವಾಲಿಸಿ ಗೊರಕೆ ಹೊಡೆದ. ನಿಯಮದ ಪ್ರಕಾರ ನಿದ್ದೆ ಹೋದವನು ವ್ಯಕ್ತಿಯಲ್ಲ, ವಸ್ತು. ಹೊರಗೆ ಕಾಣುವಂತೆ ಕಾರಿನಲ್ಲಿ ವಸ್ತು ಬಿಟ್ಟು ಹೋಗುವುದು ಕಳ್ಳರನ್ನು ಕೈಬೀಸಿ ಕರೆದಂತೆ. ಅದು ಪ್ರತ್ಯೇಕ ಅಪರಾಧ. ಭಾವಮೈದನನ್ನು ಡಿಕ್ಕಿಯಲ್ಲಿಡಬೇಕಿತ್ತು ಎಂದು ಬರೆದು ಇನ್ಸ್‌ಪೆಕ್ಟರು ಚೀಟಿ ಹರಿದುಕೊಟ್ಟರು.

ಎರಡು ಸಲ ತಪ್ಪಿದ ಕಾರಿಗೆ ಇಲಾಖೆಯೇ ಜನ ಕೊಡುತ್ತದೆ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ 'ಆಸೀನ ರಕ್ಷಕ, ಎರಡನೇ ದರ್ಜೆ' ಬಂದರು. ಕೈಯಲ್ಲಿ ನೇಮಕಾತಿ ಆದೇಶ, ಕಂಕುಳಲ್ಲಿ ದಿಂಬು. ಒಳ್ಳೆಯ ಮಾತುಗಾರ, ನಯವಾದ ಮನುಷ್ಯ. ಗಡಿಯಾರದವರು ಬೀಗದ ಕೈ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಒಂದು ಸ್ಟೀಲು ಸ್ಕೇಲಿನಿಂದ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಪರರ ಕಾರಿನಲ್ಲಿ ಕೂತು ಪೂರ್ವಾನುಭವ ಇರುವವರಿಗೆ ನೇಮಕಾತಿಯಲ್ಲಿ ಆದ್ಯತೆ ಇತ್ತಂತೆ. ಎಂಥ ದೂರದೃಷ್ಟಿ ಎಂದರೆ, ನೇಮಕಾತಿ ಮುಗಿದ ವಾರದಿಂದಲೇ ನಗರದಲ್ಲಿ ಕಾರುಗಳ್ಳತನ ನಿಂತುಹೋಗಿತ್ತು. ಮಧ್ಯಾಹ್ನದ ಪಾಳಿಗೆ ಇನ್ನೊಬ್ಬರು, ರಾತ್ರಿಗೆ ಮತ್ತೊಬ್ಬರು. ನಾಲ್ಕು ಕಾರಿಗೊಬ್ಬ ಮೇಲ್ವಿಚಾರಕ, ಅವನಿಗೆ ಓಡಾಡಲು ಒಂದು ಕಾರು, ಆ ಕಾರಿನಲ್ಲಿ ಕೂರಲು ಮೂವರು. ಹೀಗೆ ಮುಖ್ಯಾಧಿಕಾರಿಗಳ ಕಡೆಯವರಿಗೆಲ್ಲ ಒಂದು ದಾರಿಯಾಯಿತು.

ಭಾನುವಾರ ಹೆಂಡತಿ ಹೊಸ ಸೀರೆ ಉಟ್ಟು ಬಾಗಿಲಿಗೆ ಬಂದು ನಿಂತರು. ಗಡಿಯಾರದವರು ರಕ್ಷಕರಿಗೆ, ಸ್ವಲ್ಪ ಇಳಿದುಕೊಂಡರೆ ಹೊರಡುತ್ತಿದ್ದೆವು ಎಂದರು.

"ಇಳಿಯೋದಕ್ಕೇನು ಸಾರ್, ಆದ್ರೆ ಕಾರು ಕದಲೋ ಹಾಗಿಲ್ಲ" ಎಂದರು ರಕ್ಷಕರು. "ನನ್ನನ್ನ ಹಾಕಿರೋದು ಈ ಜಾಗಕ್ಕೆ. ಕಾರು ಕದಲಿದ್ರೆ ನನ್ನ ವರ್ಗಾವಣೆ ಆದ ಹಾಗೆ. ವರ್ಗಾವಣೆ ಏನಿದ್ರೂ ಮೇ ತಿಂಗಳಲ್ಲೇ. ಬೇಕಾದ್ರೆ ಅಮ್ಮ ಒಂದ್ ಘಳಿಗೆ ಹಿಂದೆ ಕೂತ್ಕೊಳ್ಳಲಿ, ಪುಸ್ತಕದಲ್ಲಿ ಸಹಿ ಮಾಡಿ."

ಹೆಂಡತಿ ಸಹಿ ಮಾಡಿ ಕೂತರು. ಹದಿನೈದು ನಿಮಿಷ ಎದುರು ಮನೆಯ ಕಾಂಪೌಂಡ್ ಗೋಡೆ ನೋಡಿ ಇಳಿದು ಒಳಗೆ ಹೋದರು. ಹೊಸ ಸೀರೆ ಮಡಿಸಿಟ್ಟು, ಕಾರು ಕೊಂಡ ಗಂಡನನ್ನು ಬೈದುಕೊಂಡರು.

ಮರುದಿನ ಗಡಿಯಾರದವರು ಅಂಗಡಿ ಮುಚ್ಚಿ ಇಲಾಖೆಗೆ ಹೋದರು. ನನ್ನ ಕಾರನ್ನು ನಾನು ಓಡಿಸಬೇಕು ಎಂದಾಗ ಮುಖ್ಯಾಧಿಕಾರಿಗಳು ಕನ್ನಡಕ ತೆಗೆದು ಅವರನ್ನೇ ನೋಡಿದರು.

"ನೋಡಿ ಯಜಮಾನ್ರೇ, ನಿಂತಿದ್ದ ಕಾರು ನಿಂತಲ್ಲಿ ಇಲ್ಲ ಅಂದ್ರೆ ನಮ್ಮ ಪ್ರಕಾರ ಅದು ಹೋಯ್ತು. ಯಾರು ತಗೊಂಡು ಹೋದ್ರು ಅನ್ನೋದು ಆಮೇಲಿನ ಮಾತು. ಅಧ್ಯಯನ ಮಾಡಿ ನೋಡಿದೀವಿ, ಕಾರನ್ನ ಅತಿ ಹೆಚ್ಚು ಸಲ ಜಾಗದಿಂದ ತೆಗೆಯೋರು ಮಾಲೀಕರೇ."

ಗಡಿಯಾರದವರು ಹೆಂಡತಿಯ ಮಂಡಿಯ ವಿಷಯ, ಅಕ್ಕನ ವಿಷಯ ಎಲ್ಲ ಹೇಳಿಕೊಂಡರು. ಅಧಿಕಾರಿಗಳು ಕಲ್ಲುಮನಸ್ಸಿನವರಲ್ಲ, ಕರಗಿದರು. ರಕ್ಷಕರ ಹುದ್ದೆಯ ವರ್ಗಾವಣೆಗೆ ಕೋರಿಕೆ ಸಲ್ಲಿಸಿ, ಕಾರಣದ ಕಡೆ 'ಅಕ್ಕ' ಎಂದು ಬರೆಯಿರಿ ಎಂದು ತಾವೇ ಅರ್ಜಿ ತೆಗೆದುಕೊಟ್ಟರು.

ಮೇ ತಿಂಗಳಲ್ಲಿ ಆದೇಶ ಬಂತು. ಆಸೀನ ರಕ್ಷಕರ ಹುದ್ದೆಯನ್ನು, ಸದರಿ ಹುದ್ದೆಗೆ ಲಗತ್ತಾದ ಕಾರಿನ ಸಮೇತ, ಮಾಲೀಕರ ಪತ್ನಿಯ ಅಕ್ಕನ ಬೀದಿಗೆ ವರ್ಗಾಯಿಸಲಾಗಿತ್ತು. ಇಲಾಖೆಯ ಲಾರಿ ಬಂದು ಕಾರನ್ನು ಎತ್ತಿ ಹೇರಿಕೊಂಡಿತು. ಚಕ್ರ ಉರುಳದ ಕಾರಣ ಕಾರು ಕದಲಿದಂತಾಗಲಿಲ್ಲ. ಲಾರಿಯ ಮೇಲೆ ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ. ಬೀದಿಯವರೆಲ್ಲ ಸೇರಿ ರಕ್ಷಕರನ್ನು ಬೀಳ್ಕೊಟ್ಟರು, ಮೂಲೆಮನೆಯ ಮೇಷ್ಟರು ಅವರ ಕುಳಿತ ಸೇವೆಯನ್ನು ಹೊಗಳಿ ಮಾತಾಡಿದರು. ರಕ್ಷಕರು ಡ್ರೈವರ್ ಸೀಟಿನಿಂದಲೇ ಕೈಮುಗಿದರು.

ಭಾನುವಾರ ಗಂಡಹೆಂಡತಿ ಬಸ್ಸಿಗೆ ಹೊರಟರು. ಗಡಿಯಾರದವರು ಕಂಕುಳಲ್ಲಿ ಒಂದು ಮರದ ಮಣೆ ಇಟ್ಟುಕೊಂಡಿದ್ದರು. ಬಸ್ಸಿನ ಬಾಗಿಲಲ್ಲಿ ಅದನ್ನಿಟ್ಟು, ಹೆಂಡತಿಯ ಮೊಣಕೈ ಹಿಡಿದು ಹತ್ತಿಸಿದರು, ಇಳಿಸಿದರು, ಇನ್ನೊಂದು ಬಸ್ಸಿಗೂ ಹಾಗೆಯೇ ಹತ್ತಿಸಿದರು. ಕಂಡಕ್ಟರುಗಳು ಗೊಣಗಿದರೂ ಕಾದರು.

ಅಕ್ಕನ ಮನೆಯ ಗೇಟಿನ ಮುಂದೆಯೇ ಕಾರು ನಿಂತಿತ್ತು. ರಕ್ಷಕರು ಹಿಂದಿನ ಬಾಗಿಲು ತೆರೆದು, ಬನ್ನಿ ಅಮ್ಮ ಎಂದರು. ಅಕ್ಕತಂಗಿಯರು ಪುಸ್ತಕದಲ್ಲಿ ಸಹಿ ಮಾಡಿ, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ಅತ್ತರು, ನಕ್ಕರು, ಎರಡು ವರ್ಷದ ಮಾತನ್ನೆಲ್ಲ ಹೊರಗೆ ಹಾಕಿದರು. ಒಮ್ಮೆಗೆ ಇಬ್ಬರೇ ಸಂದರ್ಶಕರು ಎಂಬ ನಿಯಮವಿದ್ದುದರಿಂದ ಗಡಿಯಾರದವರು ಫುಟ್‌ಪಾತಿನ ಮೇಲೆ ನಿಂತು ಗಾಜಿನ ಮೂಲಕ ನೋಡಿದರು.

ಸಂಜೆ ಬಸ್‌ಸ್ಟಾಪಿನಲ್ಲಿ ಹೆಂಡತಿ ಹೇಳಿದರು: "ಸುಮ್ ಸುಮ್ನೆ ನಿಮ್ಮನ್ನ ಬೈಕೊಂಡೆ ಕಣ್ರೀ. ನೀವು ಕಾರು ತಗೊಂಡಿಲ್ದೆ ಇದ್ದಿದ್ರೆ ನಾನು ಎರಡೆರಡು ಬಸ್ಸು ಹತ್ತಿ ಅಕ್ಕನ್ನ ನೋಡೋಕೆ ಬರ್ತಿದ್ನಾ?"

ಅದೂ ನಿಜವೇ ಅನ್ನಿಸಿತು ಅವರಿಗೆ. ಬಸ್ಸು ಬರುವುದು ಕಂಡು ಮಣೆಯನ್ನು ಕೈಗೆ ತೆಗೆದುಕೊಳ್ಳುತ್ತ, ಮುಂದಿನ ಭಾನುವಾರದ ಸಂದರ್ಶನಕ್ಕೂ ಹೆಸರು ಬರೆಸಿ ಬಂದಿದ್ದೇನೆ ಎಂದರು.